ರಾಡಿಯಲ್ಲಿ ಹುಟ್ಟಿದ ಓಟ

ದನಕರುಗಳ ಕಾಲುಬಾಯಿ ಜ್ವರಕ್ಕೂ ಓಟದ ಪಂದ್ಯಕ್ಕೂ ಎತ್ತಣಿಂದೆತ್ತ ಸಂಬಂಧ ಅನ್ನಿಸಬಹುದು. 2001ರಲ್ಲಿ ಸಂಬಂಧ ಇತ್ತು. ಆ ವರ್ಷದ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್‌ಷಿಪ್ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಡೆಯಬೇಕಿತ್ತು. ಅಷ್ಟರಲ್ಲಿ ಬ್ರಿಟನ್ನಿನ ಕೊಟ್ಟಿಗೆಗಳಲ್ಲಿ ಕಾಲುಬಾಯಿ ಜ್ವರ ಹಬ್ಬಿತು. ಊರೂರಿನ ಮಣ್ಣು ಮೆತ್ತಿದ ಬೂಟು ಹಾಕಿಕೊಂಡು ನೂರಾರು ಜನ ಬಂದು ಹುಲ್ಲುಗಾವಲಲ್ಲಿ ಓಡಿದರೆ ಐರ್ಲೆಂಡಿನ ದನಗಳ ಗತಿಯೇನು? ಪಂದ್ಯವನ್ನು ಬೆಲ್ಜಿಯಂನ ಕಡಲತೀರದ ಊರು ಆಸ್ಟೆಂಡ್‌ಗೆ ಸಾಗಿಸಿದರು. ದನಗಳು ಉಳಿದವು, ಓಟಗಾರರು ಕೆಸರಿಗೆ ಬಿದ್ದರು. ಆಸ್ಟೆಂಡ್‌ನ ಕುದುರೆ ಜೂಜಿನ ಮೈದಾನ ಮಳೆ ಕುಡಿದು ನಾಟಿಗೆ ಹದ ಮಾಡಿದ ಗದ್ದೆಯಂತಾಗಿತ್ತು.

ಮಾರ್ಚ್ 24ರ ಶನಿವಾರ ಮಹಿಳೆಯರ ದೀರ್ಘ ಓಟ. ಇಂಗ್ಲೆಂಡಿನ ಪೌಲಾ ರಾಡ್‌ಕ್ಲಿಫ್ ಮತ್ತು ಇಥಿಯೋಪಿಯಾದ ಗೆಟೆ ವಾಮಿ ಕೊನೆಯವರೆಗೂ ಜಗ್ಗಾಡಿದರು. ಗೆದ್ದದ್ದು ಪೌಲಾ. ಮಾರನೆಯ ದಿನ ಭಾನುವಾರ, ಅದೇ ಕೆಸರು, ಅದೇ ಇಬ್ಬರು, ಈಗ ಸಣ್ಣ ಓಟ. ಈ ಸಲ ವಾಮಿ ಮೊದಲು, ಪೌಲಾ ಎರಡನೆಯವರು. ಎರಡೂ ದಿನ ನಡುವೆ ಉಳಿದದ್ದು ಕೆಲವೇ ಹೆಜ್ಜೆಗಳ ಅಂತರ. ಎಷ್ಟು ನಿಮಿಷ ಎಷ್ಟು ಸೆಕೆಂಡ್ ಎಂದು ಇವತ್ತು ಯಾರನ್ನು ಕೇಳಿದರೂ ತಲೆ ಕೆರೆದುಕೊಳ್ಳುತ್ತಾರೆ. ಪೌಲಾ ಮುಂದೆ ಮ್ಯಾರಥಾನ್‌ನಲ್ಲಿ ಮಾಡಿದ ದಾಖಲೆಯ ಸೆಕೆಂಡುಗಳನ್ನು ಬಾಯಿಪಾಠ ಹೇಳುವವರಿಗೂ ಆಸ್ಟೆಂಡ್‌ನ ಸಮಯ ಗೊತ್ತಿರುವುದಿಲ್ಲ. ಕೆಸರಿನಲ್ಲಿ ಗಡಿಯಾರಕ್ಕೆ ಕಿಮ್ಮತ್ತಿಲ್ಲ. ಯಾರು ಯಾರಿಗಿಂತ ಮುಂದೆ ಬಂದರು ಎನ್ನುವುದಷ್ಟೇ ಲೆಕ್ಕ.

ಇಂಥದೊಂದು ಆಟವನ್ನು ಬುದ್ಧಿ ನೆಟ್ಟಗಿರುವ ಜನ ಯಾಕೆ ಕಟ್ಟಿದರು? ಅದೂ ವರ್ಷದ ಅತಿ ಕೆಟ್ಟ ತಿಂಗಳುಗಳನ್ನೇ ಹುಡುಕಿ?

ಮೊದಲ ಗುರುತು ಸಿಗುವುದು ಇಂಗ್ಲೆಂಡಿನ ಪಶ್ಚಿಮದಂಚಿನ ಶ್ರೂಸ್‌ಬರಿ ಶಾಲೆಯಲ್ಲಿ, 1819ರ ಸುಮಾರಿಗೆ. (ಚಾರ್ಲ್ಸ್ ಡಾರ್ವಿನ್ ಎಂಬ ಹುಡುಗ ಆಗ ಅಲ್ಲಿ ಓದುತ್ತಿದ್ದ.) ಸಾಹೇಬರು ಕುದುರೆ ಏರಿ ನಾಯಿ ಬಿಟ್ಟು ನರಿ ಬೇಟೆ ಆಡುತ್ತಿದ್ದರು. ಹುಡುಗರ ಬಳಿ ಕುದುರೆಯೂ ಇರಲಿಲ್ಲ, ನಾಯಿಯೂ ಇರಲಿಲ್ಲ. ತಾವೇ ನರಿ, ತಾವೇ ನಾಯಿ ಆದರು. ಆ ಶಾಲೆಯ ಓಟದ ಕ್ಲಬ್ಬಿಗೆ ಇವತ್ತಿಗೂ ‘ಹಂಟ್’ ಎಂದೇ ಹೆಸರು. ನಾಯಕ ‘ಹಂಟ್ಸ್‌ಮನ್’, ಓಡುವವರು ‘ಹೌಂಡ್‌’ಗಳು, ಗೆದ್ದವನು ಬೇಟೆಯನ್ನು ‘ಕೊಂದ’ ಹಾಗೆ. ಇನ್ನೂರು ವರ್ಷ ಹಳೆಯ ಮಕ್ಕಳಾಟವನ್ನು ಇಷ್ಟು ಗಂಭೀರವಾಗಿ ಕಾಪಾಡಿಕೊಳ್ಳುವುದು ಇಂಗ್ಲಿಷರಿಗೆ ಮಾತ್ರ ಸಾಧ್ಯ ಅನ್ನಿಸುತ್ತದೆ. ರಗ್ಬಿ ಶಾಲೆಯಲ್ಲೂ 1830ರ ದಶಕದಿಂದ ಇಂಥ ಓಟ ನಡೆಯುತ್ತಿತ್ತು. ಅಲ್ಲಿ ಓದಿದ ಥಾಮಸ್ ಹ್ಯೂಸ್ 1857ರಲ್ಲಿ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕಾದಂಬರಿಯಲ್ಲಿ ಅದನ್ನು ಬಣ್ಣಿಸಿದ ಮೇಲೆ ದೇಶಕ್ಕೆಲ್ಲ ಈ ಆಟದ ಗುಂಗು ಹಿಡಿಯಿತು.

ಆಟದ ಕ್ರಮ ಸರಳ. ನರಿಯ ಜಾಗದಲ್ಲಿ ಇಬ್ಬರು ‘ಮೊಲ’ಗಳು ಹೆಗಲಿಗೆ ಚೀಲ ಹಾಕಿಕೊಂಡು ಕೆಲವು ನಿಮಿಷ ಮೊದಲೇ ಓಡುತ್ತಾರೆ. ಚೀಲದ ತುಂಬ ಹರಿದ ಹಳೇ ಕಾಗದ. ದಾರಿಯುದ್ದಕ್ಕೂ ಅದನ್ನು ಚೆಲ್ಲುತ್ತ ಹೋಗುತ್ತಾರೆ. ಅದೇ ‘ವಾಸನೆ’. ಉಳಿದವರೆಲ್ಲ ಬೇಟೆನಾಯಿಗಳು, ಕಾಗದದ ಚೂರು ಹುಡುಕುತ್ತ ಬೇಲಿ ಹಾರಿ, ಹಳ್ಳ ದಾಟಿ, ಉತ್ತ ಹೊಲದ ಹೆಂಟೆ ತುಳಿದು ಅಟ್ಟಿಸಿಕೊಂಡು ಹೋಗುತ್ತಾರೆ. ಮೊಲದ ಬೇಟೆಗೆ ಬಳಸುವ ನಾಯಿ ತಳಿಗೆ ಇಂಗ್ಲಿಷರು ಹ್ಯಾರಿಯರ್ ಅನ್ನುತ್ತಾರೆ. ಬ್ರಿಟನ್ನಿನ ಎಷ್ಟೋ ಓಟದ ಕ್ಲಬ್ಬುಗಳ ಹೆಸರಿನ ಕೊನೆಗೆ ಈ ‘ಹ್ಯಾರಿಯರ್ಸ್’ ಅಂಟಿಕೊಂಡಿರುವುದು ಹೀಗೆ. ಗಾಳಿ ಬಂದರೆ ಕಾಗದ ಹಾರಿತು, ಮಳೆ ಬಂದರೆ ಕರಗಿತು ಎಂಬ ತಾಪತ್ರಯ ಆಟದೊಳಗೇ ಇತ್ತು. ಹವೆ ಕೆಟ್ಟಷ್ಟೂ ಮೊಲಕ್ಕೆ ಲಾಭ.

ಹುಡುಗರ ಆಟ ದೊಡ್ಡವರ ಕ್ಲಬ್ ಆದದ್ದಕ್ಕೆ ಕಾರಣ ದೋಣಿ. ಥೇಮ್ಸ್ ನದಿಯಲ್ಲಿ ಹುಟ್ಟು ಹಾಕುವ ಥೇಮ್ಸ್ ರೋಯಿಂಗ್ ಕ್ಲಬ್ಬಿನವರಿಗೆ ಚಳಿಗಾಲದಲ್ಲಿ ಮೈಗೆ ಕಸರತ್ತು ಬೇಕಿತ್ತು. 1867ರ ಡಿಸೆಂಬರ್ 7ರಂದು, ಶನಿವಾರ, ವಿಂಬಲ್ಡನ್ ಕಾಮನ್ ಎಂಬ ಬಯಲಲ್ಲಿ ಒಂದು ಓಟ ಇಟ್ಟುಕೊಂಡರು. ನಮಗೆ ವಿಂಬಲ್ಡನ್ ಅಂದರೆ ಬಿಳಿ ಬಟ್ಟೆಯ ಟೆನಿಸ್, ಸ್ಟ್ರಾಬೆರಿ. ಆಗ ಅಲ್ಲಿ ಟೆನಿಸ್ ಪಂದ್ಯ ಇನ್ನೂ ಹುಟ್ಟಿರಲಿಲ್ಲ. ಡಿಸೆಂಬರ್‌ನ ಲಂಡನ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಆ ಕತ್ತಲಲ್ಲಿ ನೆನೆದ ಪೊದೆಗಳ ನಡುವೆ ಎಡವುತ್ತ ಓಡಿದರು. ಎಡವಿದ್ದೇ ಹಿತವಾಗಿರಬೇಕು, ಮರುವರ್ಷ ‘ಥೇಮ್ಸ್ ಹೇರ್ ಅಂಡ್ ಹೌಂಡ್ಸ್’ ಎಂಬ ಪ್ರತ್ಯೇಕ ಕ್ಲಬ್ ಕಟ್ಟಿದರು. ಶಾಲೆಗಳದ್ದನ್ನು ಬಿಟ್ಟರೆ ಜಗತ್ತಿನ ಅತಿ ಹಳೆಯ ಕ್ರಾಸ್ ಕಂಟ್ರಿ ಕ್ಲಬ್ ಅದು. ಮುಂದೆ ನಿಂತವರು ವಾಲ್ಟರ್ ರೈ ಎಂಬ ವಕೀಲರು. ನಾರ್ಫಕ್ ಸೀಮೆಯ ಹಳೇ ದಾಖಲೆಗಳನ್ನು ಕೆದಕಿ ಪುಸ್ತಕ ಬರೆಯುವ ಹುಚ್ಚು ಅವರದು. ಕೊನೆಗಾಲಕ್ಕೆ ನಾರ್ವಿಚ್‌ನ ಮೇಯರ್ ಕೂಡ ಆದರು.

ಶನಿವಾರವೇ ಯಾಕೆ ಎನ್ನುವುದಕ್ಕೂ ಒಂದು ಕತೆ ಇದೆ. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳ ಹೆಂಗಸರನ್ನೂ ಹದಿಹರೆಯದವರನ್ನೂ ಶನಿವಾರ ಮಧ್ಯಾಹ್ನ ಎರಡಕ್ಕೆ ಬಿಡಬೇಕೆಂದು ಹೇಳಿತು. ಅವರಿಲ್ಲದೆ ಗಿರಣಿ ತಿರುಗುವುದು ಹೇಗೆ, ಗಂಡಸರಿಗೂ ರಜೆ ಸಿಕ್ಕಿತು. ಕ್ರಮೇಣ ಶನಿವಾರದ ಅರ್ಧ ದಿನದ ಬಿಡುವು ದೇಶದ ರೂಢಿಯಾಯಿತು. ಫುಟ್‌ಬಾಲ್ ಬೆಳೆದದ್ದು ಆ ಬಿಡುವಿನಲ್ಲಿ. ಓಟದ ಕ್ಲಬ್ಬುಗಳೂ ಅದೇ ಬಿಡುವಿಗೆ ಜೋತುಬಿದ್ದವು: 1869ರಲ್ಲಿ ಪೆಕ್‌ಹ್ಯಾಮ್, 1871ರಲ್ಲಿ ಸೌತ್ ಲಂಡನ್, 1877ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬರ್ಚ್‌ಫೀಲ್ಡ್. ಆದರೂ ಮೊದಲಿಗೆ ಇದು ಸಾಹೇಬರ ಆಟವೇ. ಕೂಲಿ ಮಾಡುವವನು, ಕುಶಲಕರ್ಮಿ ‘ಹವ್ಯಾಸಿ’ ಅಲ್ಲ ಎಂಬ ಒಂದು ಕೊಳಕು ನಿಯಮ ಆಗಿನ ಅಥ್ಲೆಟಿಕ್ಸ್‌ನಲ್ಲಿತ್ತು. 1880ರಲ್ಲಿ ಹೊಸ ಅಥ್ಲೆಟಿಕ್ ಸಂಘ ಬಂದು ಅದನ್ನು ಕಿತ್ತುಹಾಕಿತು.

ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಕತೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. 1876, ಲಂಡನ್ ಪಕ್ಕದ ಎಪ್ಪಿಂಗ್ ಕಾಡು. 32 ಜನ ಹೊರಟರು. 32 ಜನರೂ ದಾರಿ ತಪ್ಪಿದರು! ಒಬ್ಬನಾದರೂ ಸರಿದಾರಿಯಲ್ಲಿ ಬಂದಿದ್ದರೆ ಅವನೇ ಚಾಂಪಿಯನ್ ಆಗುತ್ತಿದ್ದ. ಯಾರೂ ಬರಲಿಲ್ಲ. ಪಂದ್ಯ ರದ್ದು. ಮರುವರ್ಷ ರೋಹ್ಯಾಂಪ್ಟನ್‌ನಲ್ಲಿ ಮತ್ತೆ ಇಟ್ಟಾಗ ಥೇಮ್ಸ್ ಕ್ಲಬ್ಬಿನ ಪರ್ಸಿ ಸ್ಟೆನಿಂಗ್ ಗೆದ್ದ, ಆಮೇಲೆ ಇನ್ನೂ ಮೂರು ವರ್ಷ ಅವನೇ ಗೆದ್ದ. ದಾರಿ ನೆನಪಿಟ್ಟುಕೊಳ್ಳುವುದರಲ್ಲೂ ಅವನು ಗಟ್ಟಿಗನಿರಬೇಕು.

ಆದರೆ ಈ ಆಟದ ಜೀವ ಇರುವುದು ಗೆದ್ದವನಲ್ಲಿ ಅಲ್ಲ, ಅಂಕ ಎಣಿಸುವ ರೀತಿಯಲ್ಲಿ. ಮೊದಲು ಬಂದವನಿಗೆ ಒಂದು ಅಂಕ, ನೂರನೆಯವನಿಗೆ ನೂರು. ಇಂಗ್ಲೆಂಡಿನ ರಾಷ್ಟ್ರೀಯ ಓಟದ ಪುರುಷರ ವಿಭಾಗದಲ್ಲಿ ಒಂದು ಕ್ಲಬ್ಬಿನಿಂದ ಮೊದಲು ಬಂದ ಆರು ಜನರ ಅಂಕ ಕೂಡುತ್ತಾರೆ. ಮೊತ್ತ ಯಾರದು ಕಡಿಮೆಯೋ ಆ ಕ್ಲಬ್ ಗೆದ್ದಂತೆ. ಹಾಗಾಗಿ ಒಬ್ಬ ಶೂರ ಎಲ್ಲರಿಗಿಂತ ಮೊದಲು ಬಂದರೂ ತಂಡ ಗೆಲ್ಲುವುದಿಲ್ಲ. ಆರನೆಯವನು ಎಲ್ಲಿದ್ದಾನೆ? ಟಿವಿ ಕ್ಯಾಮೆರಾ ತಿರುಗಿಯೂ ನೋಡದ ಜಾಗದಲ್ಲಿ, ಸ್ಪೈಕ್ ಶೂನ ಹದಿನೈದು ಮಿಲಿಮೀಟರ್ ಮೊಳೆಗಳಿಗೆ ಹುಲ್ಲು, ಮಣ್ಣು ಮುದ್ದೆಗಟ್ಟಿ ಒಂದೊಂದು ಕಾಲೂ ಕೊಡಲಿಯಷ್ಟು ಭಾರವಾಗಿ, ತನ್ನಂಥದೇ ಇನ್ನೊಬ್ಬನೊಂದಿಗೆ ಮೊಣಕೈ ತಿಕ್ಕುತ್ತ ಬರುತ್ತಿರುತ್ತಾನೆ. ಅವನ ಹಿಂದೆ ಹತ್ತು ಹೆಜ್ಜೆಯೊಳಗೆ ಐದಾರು ಜನ. ಒಮ್ಮೆ ಜಾರಿ ಬಿದ್ದರೆ ತಂಡದ ಲೆಕ್ಕಕ್ಕೆ ಆರು ಅಂಕ ಹೆಚ್ಚಿ, ಎರಡನೆಯ ಸ್ಥಾನ ನಾಲ್ಕನೆಯದಾಗುತ್ತದೆ. ಹಗ್ಗದ ಆಚೆ ನಿಂತ ಕ್ಲಬ್ಬಿನ ಮುದುಕರಿಗೆ ಇದು ಗೊತ್ತು. ಮುಂದಿನವರು ಹಾದುಹೋಗುವಾಗ ಸುಮ್ಮನೆ ಚಪ್ಪಾಳೆ ತಟ್ಟುವ ಅವರು ಗಂಟಲು ಹರಿಯುವಂತೆ ಕೂಗುವುದು ಈ ಆರನೆಯವನಿಗೆ.

ನಮ್ಮಲ್ಲಿ ಇದಕ್ಕೆ ‘ಗುಡ್ಡಗಾಡು ಓಟ’ ಎಂದು ಹೆಸರಿಟ್ಟವರು ಯಾರೋ ಪುಣ್ಯಾತ್ಮರು. ಕ್ರಾಸ್ ಕಂಟ್ರಿ ಎನ್ನುವುದಕ್ಕಿಂತ ನನಗೆ ಅದೇ ಚೆನ್ನ, ಹೆಸರಲ್ಲೇ ಏದುಸಿರಿದೆ. ಕಾಲೇಜಿನ ದಿನಗಳಲ್ಲಿ ನಾನೂ ಒಮ್ಮೆ ಅಂತರ ಕಾಲೇಜು ಗುಡ್ಡಗಾಡು ಓಟಕ್ಕೆ ಹೋಗಿದ್ದೆ, ಮಲೆನಾಡಿನ ಒಂದೂರಿಗೆ. ಬೆಳಿಗ್ಗೆ ಆರಕ್ಕೆ ಹೋದರೆ ಜಡಿಮಳೆ. ಓಟ ಮುಂದೂಡುತ್ತಾರೆ ಎಂಬ ಆಸೆಯಿಂದ ದೈಹಿಕ ಶಿಕ್ಷಣದ ಮೇಷ್ಟ್ರ ಮುಖ ನೋಡಿದೆವು. ಅವರು ಕೊಡೆಯ ಕೆಳಗಿಂದಲೇ ಸೀಟಿ ಊದಿದರು. ಎದೆಗೆ ಸಿಕ್ಕಿಸಿದ ನಂಬರಿನ ಕಾಗದ ಮೊದಲ ಏರಿನಲ್ಲೇ ಪಿನ್ನು ಬಿಟ್ಟು ಎಲ್ಲೋ ಬಿತ್ತು. ಕೊನೆಯಲ್ಲಿ ಮೇಜಿನ ಹಿಂದೆ ಕೂತವರು ಅಂಗೈಗೆ ಒತ್ತಿದ ಚೀಟಿಯಲ್ಲಿ ‘61’ ಎಂದಿತ್ತು. ಒದ್ದೆ ಕೈಯಲ್ಲಿ ಶಾಯಿ ಇಳಿದು ‘6’ ಮಾತ್ರ ಉಳಿಯಿತು. ಅದನ್ನು ಮನೆಯಲ್ಲಿ ತೋರಿಸಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಮಳೆಯಲ್ಲಿ ಹುಟ್ಟಿದ ಈ ಓಟಕ್ಕೆ ಒಲಿಂಪಿಕ್ಸ್‌ನಲ್ಲಿ ಮರಣಶಾಸನ ಬರೆದದ್ದು ಬಿಸಿಲು. 1912ರಿಂದ ಒಲಿಂಪಿಕ್ಸ್‌ನಲ್ಲಿ ಕ್ರಾಸ್ ಕಂಟ್ರಿ ಇತ್ತು. 1924ರ ಪ್ಯಾರಿಸ್‌ನಲ್ಲಿ ಜುಲೈ 12ರಂದು, 40 ಡಿಗ್ರಿ ದಾಟಿದ ಸೆಖೆಯಲ್ಲಿ 38 ಜನರನ್ನು ಓಡಿಸಿದರು. ಮುಗಿಸಿದವರು 15. ಉಳಿದವರು ದಾರಿಯಲ್ಲೇ ಕುಸಿದರು, ಕೆಲವರು ದಿಕ್ಕು ತೋಚದೆ ತೂರಾಡಿದರು. ಎರಡು ದಿನ ಮೊದಲು ಒಂದು ಗಂಟೆಗೂ ಕಡಿಮೆ ಅಂತರದಲ್ಲಿ 1500 ಮತ್ತು 5000 ಮೀಟರ್ ಎರಡನ್ನೂ ಗೆದ್ದಿದ್ದ ಫಿನ್ಲೆಂಡಿನ ಪಾವೊ ನೂರ್ಮಿ, ಏನೂ ಆಗಿಲ್ಲವೆಂಬಂತೆ ಎರಡನೆಯವನಿಗಿಂತ ಸುಮಾರು ಒಂದೂವರೆ ನಿಮಿಷ ಮುಂಚೆ ಬಂದು ನಿಂತ. ಆ ದಿನದ ಭಯಕ್ಕೆ ಕ್ರಾಸ್ ಕಂಟ್ರಿಯನ್ನು ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ಚಳಿಗಾಲದ ಆಟವನ್ನು ಬೇಸಿಗೆಯ ಜಾತ್ರೆಗೆ ಎಳೆದು ತಂದ ತಪ್ಪು ಯಾರದು?

ಓಟ ಮಾತ್ರ ನಿಲ್ಲಲಿಲ್ಲ. ಇಂಗ್ಲೆಂಡಿನ ಮಹಿಳೆಯರಿಗೆ 1927ರಲ್ಲಿ ರಾಷ್ಟ್ರೀಯ ಪಂದ್ಯ ಸಿಕ್ಕಿತು. ಗಂಡಸರಷ್ಟೇ ದೂರ ಓಡುವ ಹಕ್ಕು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಂದದ್ದು 2017ರಲ್ಲಿ, ಕಂಪಾಲಾದಲ್ಲಿ. ಹೆಚ್ಚುಕಡಿಮೆ ತೊಂಬತ್ತು ವರ್ಷ ಬೇಕಾಯಿತು. ಕಾಗದದ ಚೂರು ಹೋಗಿ ಬಾವುಟ, ಹಗ್ಗ ಬಂದವು. ಇಂಗ್ಲಿಷರ ಕೆಸರು ಇಂಗ್ಲಿಷರಿಗೇ ಮೀಸಲು ಎಂಬ ಹಮ್ಮನ್ನು ಆಫ್ರಿಕದವರು ಮುರಿದರು. 1992ರಲ್ಲಿ ಬಾಸ್ಟನ್‌ನಲ್ಲಿ ಹಿಮ ಬಿದ್ದ ನೆಲದ ಮೇಲೆ ವಿಶ್ವ ಪಟ್ಟ ಗೆದ್ದದ್ದು ಕೀನ್ಯಾದ ಜಾನ್ ಎನ್‌ಗುಗಿ. ಅದು ಅವರ ಐದನೆಯ ಪಟ್ಟ.

ಅದೇ ಹಿಮದಲ್ಲಿ, ಅದೇ ದಿನ, ಜೂನಿಯರ್ ಹುಡುಗಿಯರ ಓಟವನ್ನು ಗೆದ್ದವಳು ಬೆಡ್‌ಫರ್ಡ್ ಕ್ಲಬ್ಬಿನ ಪೌಲಾ ರಾಡ್‌ಕ್ಲಿಫ್. ಆಸ್ಟೆಂಡ್‌ನ ರಾಡಿಗೆ ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು. ಬಾಸ್ಟನ್‌ಗೂ ಆರು ವರ್ಷ ಹಿಂದೆ, 1986ರಲ್ಲಿ, ಹನ್ನೆರಡು ವರ್ಷದ ಪೌಲಾ ಇಂಗ್ಲಿಷ್ ಶಾಲೆಗಳ ಕ್ರಾಸ್ ಕಂಟ್ರಿಗೆ ಮೊದಲ ಸಲ ಹೋಗಿದ್ದಳು. ಸುಮಾರು ಆರುನೂರು ಹುಡುಗಿಯರಲ್ಲಿ ಅವಳ ಸ್ಥಾನ 299.