ಹಾರಾಟಯೋಗ್ಯತೆಯ ಪರೀಕ್ಷಕರು ಮತ್ತು ಸಣ್ಣ ಉದ್ದಿಮೆದಾರರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನೊಳಗೊಂಡ ಸೀಮೆಯ ವರ್ತಕರಿಗೆ ಹಾಗೂ ಉದ್ದಿಮೆದಾರರಿಗೆ ಸರ್ಕಾರಿ ಪರೀಕ್ಷಕರು ಅಪರಿಚಿತರಲ್ಲ. ಸಕ್ಕರೆ ಕಾರ್ಖಾನೆಗೆ ಬಾಯ್ಲರ್ ಇನ್ಸ್‌ಪೆಕ್ಟರು ಬರುತ್ತಾರೆ. ಅಡತಿ ಅಂಗಡಿಯ ತಕ್ಕಡಿ ಮತ್ತು ತೂಕದ ಕಲ್ಲುಗಳಿಗೆ ಇಲಾಖೆಯ ಮುದ್ರೆ ಬೀಳುತ್ತದೆ. ಲಿಂಬೆ, ಈರುಳ್ಳಿ, ದ್ರಾಕ್ಷಿ ಸಾಗಿಸುವ ಲಾರಿಗಳು ಆರ್.ಟಿ.ಒ. ಕಚೇರಿಯಲ್ಲಿ ನಿಂತು ಎಫ್.ಸಿ. ಪಡೆಯಬೇಕು. ಪರೀಕ್ಷಕ ಬಂದ, ನೋಡಿದ, ಮುದ್ರೆ ಒತ್ತಿದ. ಅಲ್ಲಿಗೆ ವರ್ಷದ ಕೆಲಸ ಮುಗಿಯಿತು ಎಂಬುದು ಈ ವ್ಯವಹಾರದಲ್ಲಿ ಸಾಮಾನ್ಯವಾಗಿ ಬೇರೂರಿರುವ ಭಾವನೆ.

ವಿಮಾನಕ್ಕೂ ಇಂಥದೇ ಒಂದು ಎಫ್.ಸಿ. ಉಂಟು. ಅದರ ಹೆಸರು ಹಾರಾಟಯೋಗ್ಯತಾ ಪ್ರಮಾಣಪತ್ರ. ಅದನ್ನು ನೀಡುವ ಅಧಿಕಾರ ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಎದುರಿಗಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ ಸೇರಿದ್ದು. 1934ರ ವಿಮಾನ ಕಾಯಿದೆ ಮತ್ತು 1937ರ ವಿಮಾನ ನಿಯಮಗಳ ಆಧಾರದ ಮೇಲೆ ದಶಕಗಳ ಕಾಲ ನಡೆದುಬಂದ ಈ ವ್ಯವಸ್ಥೆಗೆ 2020ರ ತಿದ್ದುಪಡಿಯಿಂದ ಶಾಸನಬದ್ಧ ಸ್ಥಾನ ದೊರೆಯಿತು. ಹಳೆಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಬೆಂಗಳೂರಿನಲ್ಲಿ ನಿರ್ದೇಶನಾಲಯದ ಪ್ರಾದೇಶಿಕ ಕಚೇರಿಯಿದ್ದು, ಅಲ್ಲಿಯ ಹಾರಾಟಯೋಗ್ಯತಾ ಅಧಿಕಾರಿಗಳೇ ಈ ಲೇಖನದ ವಿಷಯ. ಅವರ ಕೆಲಸ ಲಾರಿಯ ಎಫ್.ಸಿ.ಗಿಂತ ಎಷ್ಟು ಭಿನ್ನವೆಂಬುದನ್ನು ತಿಳಿದವರಿಗೆ, ವಿಮಾನದ ಬಿಡಿಭಾಗ ತಯಾರಿಕೆಯೆಂಬ ದೊಡ್ಡ ಮಾರುಕಟ್ಟೆಯ ಬಾಗಿಲಿನ ಬೀಗ ಯಾವುದು ಎಂಬುದೂ ತಿಳಿದಂತೆಯೇ.

ಈ ಅಧಿಕಾರಿಯು ಸಾಮಾನ್ಯವಾಗಿ ಸ್ವತಃ ಪಾನಾ ಹಿಡಿದು ಬೋಲ್ಟು ಬಿಗಿಮಾಡುವುದಿಲ್ಲ. ಆ ಕೆಲಸಕ್ಕೆ ಪರವಾನಗಿ ಪಡೆದ ವಿಮಾನ ನಿರ್ವಹಣಾ ಎಂಜಿನಿಯರುಗಳಿದ್ದಾರೆ. ದುರಸ್ತಿ ಮುಗಿದ ಮೇಲೆ ವಿಮಾನವನ್ನು ಸೇವೆಗೆ ಬಿಡುಗಡೆ ಮಾಡಿ ರುಜು ಹಾಕುವವರೂ ಅವರೇ. ಅಧಿಕಾರಿಯು ಪರೀಕ್ಷಿಸುವುದು ಆ ರುಜುವಿನ ಹಿಂದಿರುವ ವ್ಯವಸ್ಥೆಯನ್ನು. ನಿರ್ವಹಣಾ ಸಂಸ್ಥೆಯೊಂದಕ್ಕೆ ಭೇಟಿ ಕೊಟ್ಟಾಗ ಆತನು ಟಾರ್ಕ್ ಪಾನಾ ಒಂದನ್ನು ಎತ್ತಿಕೊಂಡು ಅದರ ಅಳತೆಯ ನಿಖರತೆಯನ್ನು ಕೊನೆಯ ಸಲ ಪರೀಕ್ಷಿಸಿದ ದಿನಾಂಕವನ್ನು ನೋಡುತ್ತಾನೆ. ವಖಾರಕ್ಕೆ ಹೋಗಿ ರಬ್ಬರಿನ ಸೀಲುಗಳ ಬಾಳಿಕೆಯ ಅವಧಿ ಮುಗಿದಿದೆಯೇ, ಅಲ್ಲಿಯ ಉಷ್ಣಾಂಶ ಮತ್ತು ತೇವಾಂಶಗಳ ದಾಖಲೆಯಿದೆಯೇ ಎಂದು ವಿಚಾರಿಸುತ್ತಾನೆ. ಕೆಟ್ಟುಹೋದ ಭಾಗಗಳನ್ನು ಒಳ್ಳೆಯ ಭಾಗಗಳೊಡನೆ ಬೆರೆಯದಂತೆ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟಿರಬೇಕು. ಇಲ್ಲವಾದರೆ ಅದೇ ಒಂದು ಆಕ್ಷೇಪ. ರುಜು ಮಾಡಿದ ಎಂಜಿನಿಯರಿಗೆ ಆ ಮಾದರಿಯ ವಿಮಾನದ ಮೇಲೆ ಅಧಿಕಾರವಿತ್ತೇ, ತಯಾರಕರು ಹೊರಡಿಸಿದ ಹೊಸ ಸೂಚನೆಗಳು ಕೈಪಿಡಿಯಲ್ಲಿ ಸೇರಿವೆಯೇ, ಮುಂದೂಡಿದ ದೋಷಗಳು ನಿಗದಿತ ಅವಧಿಯೊಳಗೆ ಸರಿಯಾಗಿವೆಯೇ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಕೆಲವೊಮ್ಮೆ ಮುನ್ಸೂಚನೆಯಿಲ್ಲದೆ ರಾತ್ರಿಯ ಪಾಳಿಯಲ್ಲೇ ಅಧಿಕಾರಿಯು ನಿಲ್ದಾಣದ ಆವರಣಕ್ಕೆ ಇಳಿಯುವುದುಂಟು. ನಿರ್ವಹಣೆಯ ಕೆಲಸ ಹೆಚ್ಚಾಗಿ ನಡೆಯುವುದೂ ರಾತ್ರಿಯಲ್ಲೇ.

ಆಕ್ಷೇಪಗಳಲ್ಲಿ ಎರಡು ದರ್ಜೆಗಳಿವೆ. ಹಾರಾಟದ ಸುರಕ್ಷತೆಗೆ ನೇರ ಧಕ್ಕೆ ತರುವಂಥದ್ದು ಮೊದಲ ದರ್ಜೆ. ಅದಕ್ಕೆ ಕೂಡಲೇ ಕ್ರಮವಾಗಬೇಕು, ವಿಮಾನ ನೆಲದ ಮೇಲೆಯೇ ನಿಲ್ಲಬಹುದು. ಎರಡನೆಯದಕ್ಕೆ ಕಾಲಾವಕಾಶವಿರುತ್ತದೆ. ನಿಂತ ವಿಮಾನವು ದಿನವೊಂದಕ್ಕೆ ಎಷ್ಟು ನಷ್ಟ ತರುತ್ತದೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಆ ನಷ್ಟದ ಒತ್ತಡ ತನ್ನ ಮೇಲೆಯೂ ಬರುತ್ತದೆಂದು ಬಲ್ಲವನೇ ಒಳ್ಳೆಯ ಪರೀಕ್ಷಕ.

ಕಾಗದಪತ್ರಗಳಿಗೇ ಇಷ್ಟು ಮಹತ್ವವೇಕೆ ಎಂದು ಕೇಳುವವರಿಗೆ 1990ರ ಜೂನ್ 10ರಂದು ಇಂಗ್ಲೆಂಡಿನಲ್ಲಿ ನಡೆದ ಪ್ರಸಂಗವು ಉತ್ತರ ಕೊಡುತ್ತದೆ. ಹಾರ್ಡ್‌ವೇರ್ ಅಂಗಡಿ ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನವು ಸುಮಾರು 17,300 ಅಡಿ ಎತ್ತರಕ್ಕೆ ಏರಿದಾಗ ಚಾಲಕರ ಕೋಣೆಯ ಎಡಭಾಗದ ಮುಂಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿಯವರು ಅವರ ಕಾಲುಗಳನ್ನು ಬಿಗಿಹಿಡಿದುಕೊಂಡಿದ್ದರು. ಸಹಚಾಲಕರು ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸಹಿತ ಎಲ್ಲರೂ ಬದುಕಿ ಉಳಿದದ್ದು ಅದೃಷ್ಟ.

ತನಿಖೆಯಲ್ಲಿ ಹೊರಬಿದ್ದ ಸಂಗತಿ ಹೀಗಿದೆ. ಆ ಗಾಜನ್ನು ಹಾರಾಟಕ್ಕೆ 27 ಗಂಟೆಗಳ ಮೊದಲು ರಾತ್ರಿ ಪಾಳಿಯಲ್ಲಿ ಬದಲಾಯಿಸಲಾಗಿತ್ತು. ಜನ ಕಡಿಮೆಯಿದ್ದುದರಿಂದ ಪಾಳಿಯ ಮೇಲ್ವಿಚಾರಕರೇ ಕೆಲಸಕ್ಕೆ ಕೈಹಾಕಿದ್ದರು. ಅವರು ತೆಗೆದ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಅದರಂಥದೇ ಹೊಸದನ್ನು ಆರಿಸಲು ಹೋದರು. ಆ ಕೆಲಸಕ್ಕೆ ಬೇಕಾದದ್ದು ಬೇರೆ ಸಂಖ್ಯೆಯ ಬೋಲ್ಟು ಎಂದು ಉಗ್ರಾಣದವನು ಹೇಳಿದ್ದೂ ಉಂಟು. ಆದರೂ ಹಳೆಯದು ಇಷ್ಟು ದಿನ ನಡೆದಿದೆಯಲ್ಲಾ ಎಂದು ಅವರು ಕಣ್ಣಳತೆಯನ್ನೇ ನಂಬಿದರು. ಮಂದ ಬೆಳಕಿನಲ್ಲಿ ಆರಿಸಿದ 90 ಬೋಲ್ಟುಗಳ ಪೈಕಿ 84ರ ವ್ಯಾಸ 0.026 ಇಂಚು, ಎಂದರೆ ಮಿಲಿಮೀಟರಿನ ಮೂರನೆಯ ಎರಡರಷ್ಟು ಕಡಿಮೆಯಿತ್ತು. ಮಿಕ್ಕ ಆರರ ಉದ್ದ ಸಾಲುತ್ತಿರಲಿಲ್ಲ. ಸ್ವಾರಸ್ಯದ ಅಂಶವೆಂದರೆ, ಮಾದರಿಯೆಂದು ಹಿಡಿದುಕೊಂಡಿದ್ದ ಹಳೆಯ ಬೋಲ್ಟು ಕೂಡ ಸರಿಯಾದ ಬೋಲ್ಟಾಗಿರಲಿಲ್ಲ. ಅದು ಹಿಂದೊಮ್ಮೆ ಯಾರೋ ಹಾಕಿದ ಗಿಡ್ಡ ಬೋಲ್ಟಾಗಿತ್ತು.

ತಾಲೂಕು ಕೇಂದ್ರದ ಯಾವ ಅಂಗಡಿಯಲ್ಲಾದರೂ ದಿನಕ್ಕೆ ಹತ್ತು ಸಲ ನಡೆಯುವ ವ್ಯವಹಾರವಿದು. ರೈತನು ಟ್ರ್ಯಾಕ್ಟರಿನ ಸವೆದ ಬೋಲ್ಟು ತಂದು ‘ಇಂಥಾದ್ದೇ ಕೊಡ್ರಿ’ ಎನ್ನುತ್ತಾನೆ, ಅಂಗಡಿಕಾರನು ಡಬ್ಬಿಯೊಳಗೆ ಕೈಯಾಡಿಸಿ ಕೊಡುತ್ತಾನೆ. ಟ್ರ್ಯಾಕ್ಟರಿಗೆ ಅದು ಸಲ್ಲುತ್ತದೆ. ವಿಮಾನಕ್ಕೆ ಸಲ್ಲದು. ಅಲ್ಲಿ ಬೋಲ್ಟನ್ನು ಆರಿಸಬೇಕಾದದ್ದು ಬೋಲ್ಟನ್ನು ನೋಡಿಯಲ್ಲ, ತಯಾರಕರ ಬಿಡಿಭಾಗಗಳ ಪಟ್ಟಿಯಲ್ಲಿರುವ ಸಂಖ್ಯೆಯನ್ನು ನೋಡಿ. ಮುಂಗಾಜಿನ ಕೆಲಸಕ್ಕೆ ಆ ಕಾಲದಲ್ಲಿ ಎರಡನೆಯವನ ತಪಾಸಣೆ ಹಾಗೂ ರುಜು ಕಡ್ಡಾಯವಾಗಿರಲಿಲ್ಲ ಎಂಬುದೂ ಗಮನಾರ್ಹ.

ಇದರ ಹಿಂದಿನ ವರ್ಷ, 1989ರ ಸೆಪ್ಟೆಂಬರ್ 8ರಂದು, ಓಸ್ಲೋದಿಂದ ಹ್ಯಾಂಬರ್ಗಿಗೆ ಹೊರಟಿದ್ದ ಪಾರ್ಟ್‌ನೇರ್ ವಿಮಾನವು ಡೆನ್ಮಾರ್ಕಿನ ಬಳಿ ಸಮುದ್ರಕ್ಕೆ ಬಿದ್ದು 55 ಜನ ಸತ್ತರು. ಬಾಲದ ಭಾಗವನ್ನು ಹಿಡಿದಿಟ್ಟಿದ್ದ ಬೋಲ್ಟು ಮತ್ತು ಪಿನ್ನುಗಳು ನಕಲಿಯಾಗಿದ್ದುದು ಕಂಡುಬಂದಿತು. ನೋಡಲು ಅವು ಅಸಲಿಯಂತೆಯೇ ಇದ್ದವು.

ಈಗಿನ ಕಾಲದಲ್ಲಿ ಲೋಹಕ್ಕಿಂತ ಸುಲಭವಾಗಿ ಕಾಗದವನ್ನೇ ನಕಲು ಮಾಡಲಾಗುತ್ತಿದೆ. ವಿಮಾನಕ್ಕೆ ಜೋಡಿಸುವ ಪ್ರತಿಯೊಂದು ಭಾಗದೊಡನೆ ಅಧಿಕೃತ ಬಿಡುಗಡೆ ಪತ್ರವೊಂದು ಬರಬೇಕು. ಭಾರತದಲ್ಲಿ ಅದಕ್ಕೆ ‘ಸಿಎ ಫಾರ್ಮ್ 1’ ಎಂದೂ, ಯುರೋಪಿನಲ್ಲಿ ‘ಈಸಾ ಫಾರ್ಮ್ 1’ ಎಂದೂ ಹೆಸರು. 2023ರಲ್ಲಿ ಪೋರ್ಚುಗಲ್ಲಿನ ವಿಮಾನ ಸಂಸ್ಥೆಯ ನಿರ್ವಹಣಾ ವಿಭಾಗದವರಿಗೆ ಎಂಜಿನ್ನಿನ ಒಂದು ಭಾಗದ ಬಗೆಗೆ ಸಂಶಯ ಬಂದು ಅದರ ಪತ್ರವನ್ನು ತಯಾರಕರಿಗೆ ತೋರಿಸಿದರು. ಆ ಪತ್ರ ತಮ್ಮದಲ್ಲವೆಂಬ ಉತ್ತರ ಬಂದಿತು. ಭಾಗವನ್ನು ಮಾರಿದ್ದು ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ವ್ಯಾಪಾರಿ ಸಂಸ್ಥೆ. ಏರ್‌ಬಸ್ ಎ320 ಮತ್ತು ಬೋಯಿಂಗ್ 737 ವಿಮಾನಗಳಲ್ಲಿ ಬಳಸುವ ಸಿಎಫ್ಎಂ56 ಎಂಜಿನ್ನುಗಳಿಗೆ ಆ ಸಂಸ್ಥೆಯ ಮೂಲಕ ಹೋದ ಭಾಗಗಳನ್ನು ಹುಡುಕಿ ತೆಗೆಯಲು ಜಗತ್ತಿನ ಅನೇಕ ಸಂಸ್ಥೆಗಳು ಎಂಜಿನ್ನುಗಳನ್ನು ಇಳಿಸಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟನ್ನಿನ ಗಂಭೀರ ವಂಚನೆಗಳ ತನಿಖಾ ಕಚೇರಿಯು ತನಿಖೆ ಕೈಗೊಂಡಿತು. ಒಬ್ಬ ನೌಕರನು ಸರಕು ಕೈಗೆ ಬಂದಾಗ ‘ಈ ಪಾವತಿ ಯಾರು ಕೊಟ್ಟದ್ದು?’ ಎಂದು ಕೇಳಿದ್ದರಿಂದ ಬಯಲಾದ ಹಗರಣವಿದು.

ಭಾರತದಲ್ಲಿಯೂ ಉದಾಹರಣೆಗಳಿಲ್ಲದಿಲ್ಲ. ಹಾರಾಟಯೋಗ್ಯತೆಯ ಪುನರ್ವಿಮರ್ಶಾ ಪತ್ರವು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 2025ರ ನವೆಂಬರಿನಲ್ಲಿ ಏರ್ ಇಂಡಿಯಾದ ಎ320 ವಿಮಾನವೊಂದು ಆ ಪತ್ರದ ಅವಧಿ ಮುಗಿದ ಮೇಲೂ ಎಂಟು ಹಾರಾಟ ನಡೆಸಿದ್ದು ಬೆಳಕಿಗೆ ಬಂದು, ಡಿಜಿಸಿಎ ಆ ವಿಮಾನವನ್ನು ನಿಲ್ಲಿಸಿ ತನಿಖೆಗೆ ಆದೇಶಿಸಿತು. ವಿಮಾನವು ಹಾರಿತು, ಸುಖವಾಗಿ ಇಳಿಯಿತು, ಮತ್ತೇನು ತಪ್ಪು ಎನ್ನುವವರು ವಿಮೆಯಿಲ್ಲದ ಲಾರಿಯನ್ನೂ ಹಾಗೆಯೇ ಓಡಿಸುವವರು.

ಇನ್ನು ವಿಮಾನ ತಯಾರಿಕೆಯ ವಿಷಯ. ಈ ಸೀಮೆಯ ವ್ಯಾಪಾರದ ಹಳೆಯ ಪೇಟೆಯಾದ ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರೇ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಗೆ ಅಡಿಪಾಯ ಹಾಕಿದರೆಂಬುದನ್ನು ಇಂಡಿ ಭಾಗದ ವರ್ತಕರು ಅಭಿಮಾನದಿಂದ ನೆನೆಯಬಹುದು. ಆ ಕಂಪನಿಯೇ ಇಂದಿನ ಎಚ್.ಎ.ಎಲ್. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ಎರಡು ಆಸನಗಳ ‘ಹಂಸ’ ವಿಮಾನವು 1993ರಲ್ಲಿ ಮೊದಲು ಹಾರಿದರೂ ಡಿಜಿಸಿಎಯ ಮಾದರಿ ಪ್ರಮಾಣಪತ್ರ ದೊರೆತದ್ದು 2000ದಲ್ಲಿ. ಅದೇ ಪ್ರಯೋಗಾಲಯದ ‘ಸರಸ್’ 2004ರ ಮೇ 29ರಂದು ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಮೂಲಮಾದರಿಯು ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಬಳಿ ಬಿದ್ದು ಮೂವರು ಪ್ರಾಣ ತೆತ್ತರು. ಹಾರುವುದಕ್ಕೂ ಹಾರಲು ಯೋಗ್ಯವೆನಿಸುವುದಕ್ಕೂ ನಡುವೆ ಇರುವ ಅಂತರ ಇಷ್ಟು. ಸೇನಾ ವಿಮಾನಗಳ ವಿಷಯದಲ್ಲಿ ಇದೇ ಹೊಣೆ ಬೆಂಗಳೂರಿನಲ್ಲಿರುವ ಸೆಮಿಲ್ಯಾಕ್ ಎಂಬ ಸೇನಾ ಹಾರಾಟಯೋಗ್ಯತಾ ಕೇಂದ್ರದ್ದು.

ಸಣ್ಣ ಉದ್ದಿಮೆದಾರರಿಗೆ ಹತ್ತಿರದ ಉದಾಹರಣೆಯು ಪಕ್ಕದ ಬೆಳಗಾವಿ ಜಿಲ್ಲೆಯ ಹತ್ತರಗಿಯಲ್ಲಿದೆ. ಅಲ್ಲಿಯ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯದಲ್ಲಿ ಲೋಹವನ್ನು ಬಡಿದು ರೂಪಿಸುವುದರಿಂದ ಹಿಡಿದು ಯಂತ್ರದಲ್ಲಿ ಕೊರೆದು, ಮೇಲ್ಮೈಗೆ ರಾಸಾಯನಿಕ ಸಂಸ್ಕರಣ ಮಾಡುವವರೆಗಿನ ಕೆಲಸಗಳು ಒಂದೇ ಆವರಣದಲ್ಲಿ ನಡೆದು, ಏರ್‌ಬಸ್ ಮತ್ತು ಬೋಯಿಂಗ್ ವಿಮಾನಗಳ ಭಾಗಗಳು ತಯಾರಾಗುತ್ತವೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಯು 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿದೆ. ವಿಜಯಪುರದ ಮದಭಾವಿ-ಬುರಣಾಪುರದ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ಮೇಲೆ ಜಿಲ್ಲೆಯಲ್ಲಿ ಈ ಉದ್ಯಮದ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ನಿಲ್ದಾಣ ಬಂದ ಮಾತ್ರಕ್ಕೆ ಬಿಡಿಭಾಗದ ಕಾರ್ಖಾನೆ ಬರುವುದಿಲ್ಲವೆಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಹತ್ತರಗಿಯೂ ನಿಲ್ದಾಣದ ಪಕ್ಕದಲ್ಲಿಲ್ಲ.

ಎರಡು ಲೇಥ್, ಒಂದು ಸಿ.ಎನ್.ಸಿ. ಯಂತ್ರವಿರುವ ವರ್ಕ್‌ಶಾಪಿನ ಮಾಲೀಕನಿಗೆ ನೇರವಾಗಿ ಡಿಜಿಸಿಎ ಅನುಮೋದನೆ ಬೇಕಾಗುವುದು ವಿರಳ. ಅನುಮೋದನೆಯು ಮುಖ್ಯ ತಯಾರಕನ ಹೆಸರಿನಲ್ಲಿರುತ್ತದೆ. ಸಣ್ಣವನು ಅವನ ಕೆಳಗೆ ಉಪಗುತ್ತಿಗೆ ಮಾಡುತ್ತಾನೆ. ಬಾಗಿಲಿಗೆ ಮೊದಲು ಬರುವವನು ಖರೀದಿದಾರನ ಗುಣಮಟ್ಟ ಪರೀಕ್ಷಕ. ಆದರೆ ಅಗತ್ಯ ಬಿದ್ದರೆ ಉಪಗುತ್ತಿಗೆದಾರನ ಆವರಣದವರೆಗೂ ಬಂದು ನೋಡುವ ಹಕ್ಕು ನಿಯಂತ್ರಕ ಸಂಸ್ಥೆಗೆ ಇರುತ್ತದೆ. ಯಾರೇ ಬಂದರೂ ಕೇಳುವುದು ಒಂದೇ. ಈ ತುಂಡು ಯಾವ ಸರಳಿನಿಂದ ಕತ್ತರಿಸಿದ್ದು? ಆ ಸರಳಿನ ಎರಕದ ಸಂಖ್ಯೆ ಯಾವುದು, ಲೋಹದ ಕಾರ್ಖಾನೆಯ ಪರೀಕ್ಷಾ ವರದಿ ಎಲ್ಲಿ? ಉಳಿದ ತುಂಡು ಏನಾಯಿತು? ಅಳತೆ ಮಾಡಿದ ಮೈಕ್ರೋಮೀಟರಿನ ಪ್ರಮಾಣಪತ್ರ ಎಂದಿನದು? ಕೆಟ್ಟ ತುಂಡುಗಳು ಎಷ್ಟು, ಅವನ್ನು ಬಳಸಲು ಬಾರದಂತೆ ನಾಶಪಡಿಸಿದ ದಾಖಲೆ ಇದೆಯೇ? ಬಿಸಿ ಸಂಸ್ಕರಣ ಅಥವಾ ಲೇಪನವನ್ನು ಹೊರಗೆ ಮಾಡಿಸಿದ್ದರೆ ಅಲ್ಲಿಗೂ ಅನುಮೋದನೆ ಇತ್ತೇ?

ಮಿಲಿಮೀಟರಿನ ನೂರನೆಯ ಭಾಗದ ನಿಖರತೆಯಲ್ಲಿ ಕೊರೆಯಬಲ್ಲ ಕುಶಲಿಗಳು ಈ ಭಾಗದಲ್ಲಿ ಇದ್ದಾರೆ. ಎಡವುವುದು ಎರಡನೆಯ ಪ್ರಶ್ನೆಗೆ. ಸಾಮಾನ್ಯ ವರ್ಕ್‌ಶಾಪಿನಲ್ಲಿ ಸರಳುಗಳ ಮೇಲಿನ ಬಣ್ಣದ ಗುರುತು ಕತ್ತರಿಸುವಾಗಲೇ ಹೋಗಿಬಿಡುತ್ತದೆ. ಮಿಕ್ಕ ತುಂಡು ಮೂಲೆ ಸೇರಿ ಇನ್ನೊಂದು ಕೆಲಸಕ್ಕೆ ಬರುತ್ತದೆ. ಮಿತವ್ಯಯದ ದೃಷ್ಟಿಯಿಂದ ಅದು ಗುಣವೇ. ವಿಮಾನದ ಕೆಲಸದಲ್ಲಿ ಮಾತ್ರ ಗುರುತು ಹೋದ ಸರಳು ಎಷ್ಟೇ ಚೆನ್ನಾಗಿದ್ದರೂ ಗುಜರಿ. ಈ ವೆಚ್ಚ ಸಣ್ಣದಲ್ಲ: ದಾಖಲೆ ಬರೆಯುವವನ ಸಂಬಳ, ಉಪಕರಣಗಳ ಪರೀಕ್ಷಾ ಶುಲ್ಕ, ಎಎಸ್9100 ಪ್ರಮಾಣಪತ್ರದ ಖರ್ಚು, ಮೊದಲ ಆದೇಶಕ್ಕಾಗಿ ಕಾಯುವ ದೀರ್ಘ ಕಾಲ. ಸಾಲದ ಬಲದ ಮೇಲೆ ಬೇಗ ಲಾಭ ಎಣಿಸುವವರು ಈ ದಾರಿ ಹಿಡಿಯದಿರುವುದೇ ಲೇಸು. ತಲೆಮಾರುಗಳಿಂದ ಕೀರ್ದಿ-ಖತಾವಣಿಗಳನ್ನು ಒಂದು ಪೈಸೆಯೂ ತಪ್ಪದಂತೆ ಬರೆದುಕೊಂಡು ಬಂದ ಮನೆತನಗಳಿಗೆ ಈ ಶಿಸ್ತು ತೀರ ಪರಕೀಯವೂ ಅಲ್ಲ. ಹಣಕ್ಕೆ ಬರೆಯುತ್ತಿದ್ದುದನ್ನು ಲೋಹಕ್ಕೂ ಬರೆಯಬೇಕು.

ಪರೀಕ್ಷಿಸುವವರ ಕಡೆಯಲ್ಲಿಯೂ ಕೊರತೆಗಳಿವೆ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ಮೇಲ್ವಿಚಾರಣೆಯನ್ನು ಎರಡನೆಯ ದರ್ಜೆಗೆ ಇಳಿಸಿತು. ತರಬೇತಿ ಪಡೆದ ಪರೀಕ್ಷಕರ ಸಂಖ್ಯೆ ಸಾಲದಿದ್ದುದು ಅದಕ್ಕೊಂದು ಮುಖ್ಯ ಕಾರಣ. 2015ರ ಏಪ್ರಿಲಿನಲ್ಲಿ ಮೊದಲ ದರ್ಜೆ ಮರಳಿ ದೊರೆಯಿತು. ಹತ್ತು ವರ್ಷಗಳ ಮೇಲೆ, 2025ರಲ್ಲಿ, ಡಿಜಿಸಿಎಯ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಅರ್ಧದಷ್ಟು ಖಾಲಿ ಇರುವುದನ್ನು ಸಂಸದೀಯ ಸ್ಥಾಯೀ ಸಮಿತಿಯು ಎತ್ತಿ ತೋರಿಸಿತು. ವಿಮಾನಗಳ ಸಂಖ್ಯೆ ಏರುತ್ತಿರುವಾಗ ಪರೀಕ್ಷಕರ ಕುರ್ಚಿಗಳು ಖಾಲಿ ಇರುವುದು ಪ್ರಯಾಣಿಕರಿಗೂ ಒಳಿತಲ್ಲ, ಅನುಮೋದನೆಗಾಗಿ ಕಾಯುವ ತಯಾರಕರಿಗೂ ಒಳಿತಲ್ಲ.

ಹಾರಾಟಯೋಗ್ಯತಾ ಅಧಿಕಾರಿಗಳ ಆಯ್ಕೆಯು ಕೇಂದ್ರ ಲೋಕಸೇವಾ ಆಯೋಗದ ಮೂಲಕ ನಡೆಯುತ್ತದೆ. ನಿರ್ವಹಣಾ ಎಂಜಿನಿಯರಿನ ಪರವಾನಗಿಯ ದಾರಿ ಬೇರೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಪಿ.ಯು.ಸಿ. ಮುಗಿಸಿದವರು ಡಿಜಿಸಿಎ ಅನುಮೋದಿಸಿದ ತರಬೇತಿ ಸಂಸ್ಥೆಗೆ ಸೇರಿ, ನಿರ್ದೇಶನಾಲಯದ ಪರೀಕ್ಷೆಗಳನ್ನು ಪಾಸು ಮಾಡಿ, ನಿಗದಿತ ಅವಧಿಯ ಅನುಭವ ಗಳಿಸಬೇಕು. ಮಕ್ಕಳನ್ನು ಸೇರಿಸುವ ಮೊದಲು ಆ ಸಂಸ್ಥೆಯ ಅನುಮೋದನೆ ಜಾರಿಯಲ್ಲಿದೆಯೇ ಎಂಬುದನ್ನು ಪಾಲಕರು ಡಿಜಿಸಿಎಯ ಪಟ್ಟಿಯಲ್ಲಿ ನೋಡಿಕೊಳ್ಳತಕ್ಕದ್ದು.