ಗುಡ್ಡ ಹತ್ತಿದ ಗುಡಿಗಳು

ಈಜಿಪ್ಟ್ ದೇಶದ ಹೆಸರು ಕೇಳಿದ್ದೀರಾ? ಅದು ಆಫ್ರಿಕಾ ಖಂಡದ ಉತ್ತರ ತುದಿಯಲ್ಲಿದೆ. ದೇಶದ ಬಹುಭಾಗ ಮರಳುಗಾಡು. ನಡುವೆ ನೈಲ್ ನದಿ ಹರಿಯುತ್ತದೆ. ಬೆಳೆ, ಊರು, ಜನ ಎಲ್ಲ ಹೆಚ್ಚಾಗಿ ಅದರ ದಂಡೆಯಲ್ಲೇ.

ಆ ದೇಶದ ದಕ್ಷಿಣದಲ್ಲಿ ಅಬು ಸಿಂಬೆಲ್ ಎಂಬ ಜಾಗವಿದೆ. ಸುಮಾರು 3,200 ವರ್ಷದ ಹಿಂದೆ ಎರಡನೆಯ ರಾಮ್ಸೆಸ್ ಎಂಬ ರಾಜ ಅಲ್ಲಿ ಬಂಡೆಗುಡ್ಡ ಕೊರೆಸಿ ಎರಡು ಗುಡಿ ಮಾಡಿಸಿದ. ದೊಡ್ಡ ಗುಡಿಯ ಮುಂದೆ ರಾಜನ ನಾಲ್ಕು ಮೂರ್ತಿಗಳು ಕೂತಿವೆ. ಒಂದೊಂದೂ ಸುಮಾರು 20 ಮೀಟರ್ ಎತ್ತರ. ಹನ್ನೆರಡು ಆಳು ಒಬ್ಬರ ಮೇಲೊಬ್ಬರು ನಿಂತಷ್ಟು!

ನಮಗೆ ಹೆಚ್ಚು ಹಿಡಿಸಿದ್ದು ಚಿಕ್ಕ ಗುಡಿ. ಅದು ರಾಣಿ ನೆಫರ್ತಾರಿಯದು. ಒಳಗಿನ ದೇವತೆ ಹಾಥೋರ್. ಈ ದೇವಿಯನ್ನು ಹಸುವಿನ ರೂಪದಲ್ಲೂ ಪೂಜಿಸುತ್ತಿದ್ದರು. ಆ ಕಾಲದ ಬೇರೆ ಗುಡಿಗಳಲ್ಲಿ ನೋಡಿ, ರಾಣಿಯ ಮೂರ್ತಿ ಸಾಮಾನ್ಯವಾಗಿ ರಾಜನ ಮೊಣಕಾಲಿನಷ್ಟೇ ಇರುತ್ತದೆ. ಇಲ್ಲಿ ಹಾಗಲ್ಲ. ಬಾಗಿಲಲ್ಲಿ ರಾಜನ ನಾಲ್ಕು, ರಾಣಿಯ ಎರಡು ಮೂರ್ತಿಗಳಿವೆ. ಎಲ್ಲದರ ಎತ್ತರವೂ ಹೆಚ್ಚುಕಡಿಮೆ ಒಂದೇ.

1960ರಲ್ಲಿ ಅಸ್ವಾನ್ ಊರಿನ ಹತ್ತಿರ ನೈಲ್ ನದಿಗೆ ದೊಡ್ಡ ಅಣೆಕಟ್ಟು ಕಟ್ಟೋ ಕೆಲಸ ಶುರುವಾಯಿತು. ದೇಶಕ್ಕೆ ನೀರು ಬೇಕಿತ್ತು, ಕರೆಂಟೂ ಬೇಕಿತ್ತು. ಆದರೆ ಹಿನ್ನೀರಿನಲ್ಲಿ ಈ ಗುಡಿಗಳು ಮುಳುಗಡೆ ಆಗುತ್ತಿದ್ದವು. ಗುಡಿ ಉಳಿಸಿ ಅಂತ ಓಡಾಡಿದವರಲ್ಲಿ ಫ್ರಾನ್ಸ್ ದೇಶದ ಒಬ್ಬ ಹೆಣ್ಣುಮಗಳು ಮುಖ್ಯ. ಹೆಸರು ಕ್ರಿಸ್ತಿಯಾನ್ ದೆರೋಶ್ ನೊಬ್ಲ್‌ಕೂರ್. ಹಳೆಯ ಈಜಿಪ್ಟಿನ ಬಗ್ಗೆ ಓದಿದ ವಿದ್ವಾಂಸೆ. ಯುನೆಸ್ಕೋ ಸಂಸ್ಥೆ ಜಗತ್ತಿನ ನೆರವು ಕೇಳಿತು. ಸುಮಾರು 50 ದೇಶಗಳು ಕೈಜೋಡಿಸಿದವು.

ಗುಡ್ಡವನ್ನೇ ಕೊರೆದು ಮಾಡಿದ ಗುಡಿ. ಅದನ್ನು ಎತ್ತೋದು ಹೇಗೆ? ಗರಗಸದಿಂದ ಕೊಯ್ದರು! ಮೊದಲು ನೀರು ನುಗ್ಗದಂತೆ ಒಡ್ಡು ಹಾಕಿದರು. ಮೇಲಿನಿಂದ ಕಲ್ಲು ಬಿದ್ದರೆ ಮೂರ್ತಿಗೆ ಪೆಟ್ಟಾಗಬಾರದಲ್ಲ, ಅದಕ್ಕೆ ಮುಂಭಾಗಕ್ಕೆ ಮರಳು ತುಂಬಿದರು. ಎದ್ದು ಕಾಣುವ ಕಡೆ ಕೈಗರಗಸವನ್ನೇ ಬಳಸಿದರು. ಸಾವಿರಕ್ಕೂ ಹೆಚ್ಚು ತುಂಡುಗಳಾದವು. ಕೆಲವು 30 ಟನ್ ತೂಗುತ್ತಿದ್ದವು. ಪ್ರತಿ ತುಂಡಿಗೂ ನಂಬರು ಹಾಕಿ, ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. 1964ರಲ್ಲಿ ಶುರುವಾದ ಕೆಲಸ 1968ರಲ್ಲಿ ಮುಗಿಯಿತು. ಹಿಂದಿನ ಕಾಲದ ಭೂಕಂಪದಲ್ಲಿ ರಾಜನ ಒಂದು ಮೂರ್ತಿಯ ಮೇಲ್ಭಾಗ ಕಳಚಿ ಬಿದ್ದಿತ್ತು. ಅದನ್ನು ಅಂಟಿಸಲಿಲ್ಲ. ಮೊದಲು ಹೇಗೆ ಬಿದ್ದಿತ್ತೋ ಹಾಗೇ ಇಟ್ಟರು. ಇದು ನಮಗೆ ಸರಿ ಅನ್ನಿಸುತ್ತದೆ. 1979ರಲ್ಲಿ ಈ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಕಲ್ಲಿನ ಗುಡಿ ಉಳಿಯಿತು. ಜನರ ಕಥೆ ಏನಾಯಿತು? ಆ ದಂಡೆಯಲ್ಲಿ ನೂಬಿಯನ್ ಜನ ತಲೆತಲಾಂತರದಿಂದ ಬಾಳಿದ್ದರು. ಮಣ್ಣಿನ ಮನೆ, ಗೋಡೆ ಮೇಲೆ ಚಿತ್ತಾರ, ಮನೆ ಮುಂದೆ ನದಿ, ಖರ್ಜೂರದ ಮರ. 1963-64ರಲ್ಲಿ ಸುಮಾರು 50,000 ಜನರನ್ನು ಕೋಮ್ ಓಂಬೋ ಕಡೆಗೆ ಸಾಗಿಸಿದರು. ಅಲ್ಲಿ ಸಾಲು ಮನೆಗಳು. ನದಿ ದೂರ. ಅವರ ಹಳೆಯ ಊರುಗಳನ್ನು ಕೊಯ್ದು ಮೇಲೆ ಇಡುವವರು ಯಾರೂ ಇರಲಿಲ್ಲ.

2014ರಲ್ಲಿ ಈಜಿಪ್ಟಿನ ಹೊಸ ಸಂವಿಧಾನ ಬಂತು. ನೂಬಿಯನ್ನರನ್ನು ಹತ್ತು ವರ್ಷದೊಳಗೆ ಅವರ ಸೀಮೆಗೆ ಮರಳಿ ಕರೆತರಬೇಕು ಅಂತ ಅದರಲ್ಲಿ ಬರೆದರು. ಆ ಗಡುವು 2024ರಲ್ಲಿ ಕಳೆಯಿತು. ಬಹಳ ಕುಟುಂಬಗಳು ಈಗಲೂ ಕೋಮ್ ಓಂಬೋ ಕಡೆಯೇ ಇವೆ.