ದಯಾಮರಣ: ದಯೆ ಯಾರ ಮೇಲಿನದು?

ಪದದ ಅರ್ಥವು ಸಡಿಲವಾದಲ್ಲಿ ವಿಚಾರವೂ ಸಡಿಲವಾಗುತ್ತದೆ. 'ದಯಾಮರಣ'ವೆಂಬ ಒಂದೇ ಶಬ್ದದೊಳಗೆ ಎರಡು ಭಿನ್ನ ಕ್ರಿಯೆಗಳು ಅಡಗಿವೆ. ಮದ್ದಿತ್ತು ಪ್ರಾಣ ತೆಗೆಯುವುದು ಒಂದು; ಚೇತರಿಕೆಯ ಆಸೆಯಳಿದ ರೋಗಿಗೆ ಯಂತ್ರವೇ ಮೊದಲಾದ ಕೃತಕ ನೆರವನ್ನು ನಿಲ್ಲಿಸಿ, ಮರಣವು ತಾನಾಗಿ ಬರಲು ಎಡೆಗೊಡುವುದು ಇನ್ನೊಂದು. ನಮ್ಮ ದೇಶದ ಕಾನೂನು ಮೊದಲನೆಯದನ್ನು ಅಪರಾಧವೆಂದೇ ಎಣಿಸುತ್ತದೆ. ಎರಡನೆಯದನ್ನು ಕಟ್ಟುಪಾಡುಗಳೊಡನೆ ಒಪ್ಪಿದೆ.

ಈ ಭೇದವನ್ನು ದೇಶದ ಮುಂದಿಟ್ಟದ್ದು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರ ದುಃಖದ ಬಾಳು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರು 1973ರ ನವೆಂಬರಿನಲ್ಲಿ ಕ್ರೂರ ಆಕ್ರಮಣಕ್ಕೆ ತುತ್ತಾಗಿ, ಮೆದುಳಿಗೆ ಘಾತವಾಗಿ, ನಾಲ್ಕು ದಶಕಗಳಿಗೂ ಮೀರಿ ಅಲ್ಲಿಯೇ ಹಾಸಿಗೆ ಹಿಡಿದಿದ್ದರು. ಅವರಿಗೆ ಬಿಡುಗಡೆ ಬೇಡಿ ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ತಿರಸ್ಕರಿಸಿತು. ಅವರ ಪರವಾಗಿ ನುಡಿಯುವ ಅಧಿಕಾರವು ಹಗಲಿರುಳೂ ಉಣಿಸಿ ಶುಚಿಗೊಳಿಸಿ ಕಾಪಾಡಿದ ಆಸ್ಪತ್ರೆಯ ಬಳಗಕ್ಕೇ ಸಲ್ಲುವುದೆಂದು ಅದು ತಿಳಿಯಿತು. ಆ ಬಳಗವಾದರೋ ಅವರು ಬದುಕಿರಲೆಂದೇ ಬಯಸಿತ್ತು. ಆದರೂ, ಹೈಕೋರ್ಟಿನ ಅನುಮತಿ ಪಡೆದು ಇಂಥ ರೋಗಿಗಳ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂಬ ಮಾರ್ಗವನ್ನು ಅದೇ ತೀರ್ಪು ತೆರೆಯಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು.

ಸೇವೆ ಮಾಡಿದವರ ಮಾತಿಗೆ ಮನ್ನಣೆ ದೊರೆತದ್ದು ಉಚಿತವೇ. ಆದರೆ ಅರುಣಾ ಅವರ ಸ್ವಂತ ಇಚ್ಛೆಯನ್ನು ಬಲ್ಲವರಾರು? ಇಂಥ ಪ್ರಶ್ನೆಗೆ 2018ರ ಮಾರ್ಚ್ 9ರ ಸಂವಿಧಾನ ಪೀಠದ ತೀರ್ಪು ಉತ್ತರವಿತ್ತಿತು: ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸಾರಿ, ಬುದ್ಧಿ ಸ್ವಸ್ಥವಾಗಿರುವಾಗಲೇ ತನ್ನ ಇಚ್ಛೆಯನ್ನು ಬರೆದಿಡಲು ಅವಕಾಶ ನೀಡಿತು. 2023ರಲ್ಲಿ ವಿಧಿ ಸುಲಭಗೊಂಡಿತು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಮಾಡಿ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯ ಮಂಡಳಿಗಳು ಪರಿಶೀಲಿಸಬೇಕು. ಕರ್ನಾಟಕ ಸರ್ಕಾರವು ಇದರ ಅನುಷ್ಠಾನಕ್ಕಾಗಿ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು.

ಇಷ್ಟಾದರೂ ಆತಂಕವೊಂದು ಉಳಿಯುತ್ತದೆ. ಖರ್ಚಿಗೆ ಅಂಜಿ, ಇಲ್ಲವೇ ಆಸ್ತಿಗೆ ಆಸೆಪಟ್ಟು, ಮುದುಕರನ್ನು ಬೇಗ ಕಳುಹಿಸುವವರು ಇರಲಾರರೇ? ಇದ್ದೇ ಇರುತ್ತಾರೆ. ಆದುದರಿಂದ ನಿರ್ಧಾರದ ಹೊತ್ತಿನಲ್ಲಿ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕು: ಇದರಿಂದ ನೀಗುವ ನೋವು ರೋಗಿಯದೋ, ನನ್ನದೋ? ನನ್ನದೇ ಆದಲ್ಲಿ ಅದಕ್ಕೆ ದಯೆಯೆಂಬ ಹೆಸರು ಸಲ್ಲದು. ಇದಲ್ಲದೆ, ಚಿಕಿತ್ಸೆಯನ್ನು ನಿಲ್ಲಿಸುವುದೆಂದರೆ ಶುಶ್ರೂಷೆಯನ್ನು ನಿಲ್ಲಿಸುವುದಲ್ಲ. ನೋವು ತಗ್ಗಿಸುವ ಮದ್ದು, ತುಟಿಗೆ ಹನಿ ನೀರು, ಹಿಡಿದ ಕೈ ಕೊನೆಯ ಉಸಿರಿನವರೆಗೂ ಇರತಕ್ಕವು.

ವಾಚಕರಲ್ಲಿ ಹಿರಿಯರಾದವರು ಈ ಮಾತನ್ನು ಅಶುಭವೆಂದು ತಳ್ಳದೆ, ಮಕ್ಕಳನ್ನು ಎದುರು ಕೂರಿಸಿಕೊಂಡು ತಮ್ಮ ಇಚ್ಛೆಯನ್ನು ಹೇಳಿ, ಬರೆದೂ ಇಡುವುದು ಲೇಸು. ನಾವು ಆಡದೆ ಉಳಿಸಿದ ಮಾತಿನ ಭಾರವನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೊರಬೇಕಾದವರು ಅವರೇ.